ಕಿಸ್ಮಿಸ್ ಹಬ್ಬದ ತಾಟು

ಮೊನ್ನೆ ಹಬ್ಬದ ದಿನ, ಗಾಂಧಿನಗರದ ನಮ್ಮ ಮನೆಯ ಮಹಡಿಗೆ ಹೊಸದಾಗಿ ಬಾಡಿಗೆಗೆ ಬಂದವರಿಗೆ ನನ್ನ ಹೆಂಡತಿ ಒಂದು ತಾಟಿನ ತುಂಬ ಕರ್ಚಿಕಾಯಿ, ಚಕ್ಕುಲಿ ಕಳಿಸಿದಳು. ಸಂಜೆ ಆ ಮನೆಯ ಹುಡುಗಿ ತಾಟು ತಿರುಗಿ ತಂದಿತು. ತಿಕ್ಕಿ, ತೊಳೆದು, ಒರೆಸಿ, ಮುಖ ಕಾಣುವಷ್ಟು ಬೆಳಗಿದ ತಾಟು. ಖಾಲಿ. "ಮನ್ಯಾಗ ಎಲ್ಲಾರೂ ಅರಾಮ ಅದಾರೇನವ್ವಾ?" ಎಂದು ಕೇಳಿಯೇಬಿಟ್ಟೆ. ಹುಡುಗಿ ಈ ಮುದುಕನಿಗೆ ಏನಾಯಿತೋ ಎಂಬಂತೆ ನೋಡಿ ಮೆಟ್ಟಿಲು ಹತ್ತಿ ಹೋಯಿತು. ಅದರದೇನೂ ತಪ್ಪಿಲ್ಲ. ತೊಳೆದು ಕೊಡುವುದೇ ಮರ್ಯಾದೆ ಎಂದು ಈಗಿನವರ ತಿಳುವಳಿಕೆ.

ಒಂದು ತಾಟಿಗೆ ಇಷ್ಟೊಂದು ಗಾಬರಿಯೇ ಎಂದು ನೀವು ನಗಬಹುದು. ಸ್ವಾಮಿ, ನಾನು ಹೊಟ್ಟೆ ಹೊರೆದದ್ದೇ ತಾಟಿನಿಂದ. ತಲೆಯ ಮೇಲೆ ಬುಟ್ಟಿ ಹೊತ್ತು ಕೌಲ್ ಬಜಾರಿನಿಂದ ಸತ್ಯನಾರಾಯಣಪೇಟೆಯವರೆಗೆ ಬೀದಿ ಬೀದಿ ಕೂಗುತ್ತ, ಹಳೆಯ ಪಾತ್ರೆ ತೂಕಕ್ಕೆ ತೆಗೆದುಕೊಂಡು ಹೊಸದು ಕೊಟ್ಟವನು. ಹಿಂದೆ ಅಪ್ಪನ ಆಸ್ತಿ ಇರಲಿಲ್ಲ, ಅಪ್ಪನೇ ಇರಲಿಲ್ಲ. ನಾಲಿಗೆಯೊಂದೇ ಬಂಡವಾಳ. ಕೇಳದಿದ್ದರೂ ಬುದ್ಧಿ ಹೇಳುವುದು ನನ್ನ ಚಾಳಿ, ಆದ್ದರಿಂದ ಹೇಳಿಬಿಡುತ್ತೇನೆ: ಹಿತ್ತಾಳೆ ತಾಟು ಕೊಳ್ಳುವಾಗ ಹೊಳಪು ನೋಡಬೇಡಿ. ಅಂಚು ಹಿಡಿದೆತ್ತಿ ಬೆರಳ ಗೆಣ್ಣಿನಿಂದ ಬಡಿಯಿರಿ. ನಾದ ಎಳೆದುಕೊಂಡು ಹೋದರೆ ಕಣ್ಣು ಮುಚ್ಚಿ ಕೊಳ್ಳಿ. ಗೊಗ್ಗರು ದನಿ ಬಂದರೆ ಎಲ್ಲೋ ಬಿರುಕಿದೆ. ಇನ್ನೊಂದು ಮಾತು, ಇದು ಪಾತ್ರೆಗಷ್ಟೇ ಅಲ್ಲ: ಚೌಕಾಶಿ ಮಾಡದೆ, ಕೇಳಿದ್ದಕ್ಕಿಂತ ಹೆಚ್ಚು ಕೊಡುವವನು ಸಿಕ್ಕರೆ ಸರಕನ್ನು ಎರಡು ಸಲ ತಿರುವಿ ನೋಡಿ. ಅವನು ಏನನ್ನೋ ಮುಚ್ಚಿಡುತ್ತಿದ್ದಾನೆ.

ಈ ಎರಡನೆಯ ಪಾಠವನ್ನು ನಾನು ಬೀದಿಯ ವ್ಯಾಪಾರದಲ್ಲಿ ಕಲಿತದ್ದು. ಅದರ ಪೂರ್ತಿ ಅರ್ಥ ಮಾತ್ರ ಕೌಲ್ ಬಜಾರಿನ ನಮ್ಮ ಓಣಿಯ ಒಂದು ಹೊಸ್ತಿಲಲ್ಲಿ, ಹಬ್ಬದ ದಿನವೇ ಗೊತ್ತಾಯಿತು.

ಆ ಓಣಿಯ ತುದಿಗೆ ನಮ್ಮ ಚರ್ಚು. ದೊಡ್ಡದೇನಲ್ಲ. ಕಲ್ಲಿನ ಗೋಡೆ, ಹೆಂಚಿನ ಮಾಡು, ಅಂಗಳದಲ್ಲಿ ಒಂದು ಬೇವಿನಮರ, ಒಂದು ಬಾವಿ. ಬಳ್ಳಾರಿಯ ಬಿಸಿಲಿಗೆ ಓಣಿಯ ಬಾವಿಗಳೆಲ್ಲ ಉಪ್ಪಾದಾಗಲೂ ಆ ಬಾವಿಯ ನೀರು ಸಿಹಿ. ಆದ್ದರಿಂದ ಕಾಂಪೌಂಡಿಗೆ ಬಾಗಿಲೇ ಇಡಿಸಿರಲಿಲ್ಲ. ಕೊಡ ಹಿಡಿದು ಬಂದ ಹೆಂಗಸರು ಯಾವ ಜಾತಿ, ಯಾವ ದೇವರು ಎಂದು ಯಾರೂ ಕೇಳುತ್ತಿರಲಿಲ್ಲ. ನೀರಿಗೆ ಬಂದವರು ಹಬ್ಬಕ್ಕೂ ಬಂದರು. ಹಬ್ಬಕ್ಕೆ ಬಂದವರು ಕೆಲಸಕ್ಕೂ ನಿಂತರು. ಕ್ರಿಸ್ತ ಜಯಂತಿಯ ನಕ್ಷತ್ರ ಕಟ್ಟುತ್ತಿದ್ದವನು ಮೊಹರಮ್ಮಿಗೆ ತಾಬೂತು ಕಟ್ಟುವ ಕಾಶೀಮ ಸಾಬ. ತಾಬೂತಿಗೆ ತಂದು ಉಳಿದ ಬಣ್ಣದ ಕಾಗದವೇ ನಮ್ಮ ನಕ್ಷತ್ರ. ಗರಿಗಳ ಭಾನುವಾರಕ್ಕೆ ಈಚಲ ಗರಿ ತರುತ್ತಿದ್ದವನು ಸಿರುಗುಪ್ಪದ ನನ್ನ ಸೋದರಮಾವ. ಧಾನ್ಯದ ಮೇಲೆ ಕಂಟ್ರೋಲು ಬಂದ ಮೇಲೆ ಅವನ ಗರಿಯ ಹೊರೆ ಮಾತ್ರ ಯಾಕೋ ವಿಪರೀತ ಭಾರವಾಗಿ, ಬಿಚ್ಚಿದರೆ ನಡುವೆ ಹೊಳೆದಂಡೆಯ ಅಕ್ಕಿ ಇರುತ್ತಿತ್ತು. ಹುಲ್ಲುಕಡ್ಡಿಯ ಗೋದಲಿಯಲ್ಲಿ ಬಾಲಯೇಸುವಿನ ಸುತ್ತ ಹಸಿರು ಬೇಕಲ್ಲ, ಆ ಜೋಳದ ಸಸಿಯನ್ನು ಬುಟ್ಟಿಯಲ್ಲಿ ಮೊಳಕೆ ಬರಿಸಿ ಕೊಡುತ್ತಿದ್ದವಳು ಪಕ್ಕದ ಮನೆಯ ಬಸಮ್ಮ.

ಬಸಮ್ಮ ಕುರುಗೋಡಿನವಳು. ಗಿಡ್ಡ ಆಳು, ಗಟ್ಟಿ ದನಿ. ಗಂಡ ಈರಣ್ಣನದು ಜಟಕಾ ಗಾಡಿ. ಸ್ಟೇಷನ್ನಿನಿಂದ ದಂಡಿನ ಕಡೆಗೆ ಸವಾರಿ ಹೊಡೆಯುತ್ತಿದ್ದ. ಮಕ್ಕಳಿರಲಿಲ್ಲ. ಈರಣ್ಣ ತಮಾಷೆಯ ಮನುಷ್ಯ. ನಮ್ಮ ವಿಭೂತಿ ಬುಧವಾರದಂದು ಹಣೆಗೆ ಬೂದಿಯ ಶಿಲುಬೆ ಹಾಕಿಸಿಕೊಂಡು ಹೊರಬಂದರೆ ಸಾಕು, ಗಾಡಿ ನಿಲ್ಲಿಸಿ ನಮ್ಮ ಉಪದೇಶಿ ಚಿನ್ನಪ್ಪನನ್ನು ಹಿಡಿಯುತ್ತಿದ್ದ. ಚಿನ್ನಪ್ಪನೆಂದರೆ ಹುಡುಗರಿಗೆ ಜಪ ಕಲಿಸುವ, ಹಾಡು ಎತ್ತಿಕೊಡುವ ಒಂಟಿಜೀವ. ಹೆಂಡತಿ ಸತ್ತು ಎಷ್ಟೋ ವರ್ಷವಾಗಿತ್ತು.

"ಏ ಚಿನ್ನಪ್ಪಣ್ಣ, ನಮ್ಮ ವಿಭೂತಿ ಕದ್ದೀರಿ, ಕದ್ದಿದ್ದು ಹಚ್ಚಾಕರ ಬರಬೇಕಿಲ್ಲ? ಮೂರು ಗೆರಿ ಎಳೀಬೇಕಲೇ! ನೀವು ಗುಣಾಕಾರ ಹಾಕ್ಕೊಂಡೀರಿ."

"ನಿನ್ನ ಕುದ್ರಿ ತಾ, ಅದಕ್ಕೂ ಹಚ್ತೀನಿ. ನಿನ್ನಕಿಂತ ಅದು ಜಾಸ್ತಿ ಪಶ್ಚಾತ್ತಾಪ ಪಡ್ತೈತಿ."

"ಹಚ್ಚೂವಾಗ ಏನೋ ಲತೀನ್ನಾಗ ಅಂತಾರಲ್ಲ ನಿಮ್ಮ ಸ್ವಾಮೇರು, ಏನದು?"

"ಮನುಷ್ಯಾ, ನೀ ಮಣ್ಣು, ಮಣ್ಣಿಗೇ ಹೋಗ್ತಿ ಅಂತ."

"ಇಷ್ಟಕ್ಕ ಲತೀನ್ ಯಾಕ ಬೇಕೋ? ನಮ್ಮ ಕುರುಗೋಡ್ನಾಗ ದನ ಕಾಯವ್ರೂ ಹೇಳ್ತಾರ."

ಇರಲಿ, ತಾಟಿನ ವಿಷಯಕ್ಕೆ ಬರುತ್ತೇನೆ. ಹಬ್ಬದ ಬೆಳಗಿನ ಪೂಜೆ ಮುಗಿದ ಕೂಡಲೇ ನಮ್ಮವರ ಮನೆಗಳಿಂದ ಓಣಿಯ ಉಳಿದೆಲ್ಲ ಮನೆಗಳಿಗೆ ಬಟ್ಟೆ ಮುಚ್ಚಿದ ತಾಟು ಹೋಗಬೇಕು. ಆ ಮನೆಯವರು ತಿಂಡಿ ತೆಗೆದುಕೊಂಡು ತಾಟಿಗೆ ಏನಾದರೂ ಹಾಕಿಯೇ ಹಿಂದಿರುಗಿಸಬೇಕು. ಒಂದು ಬೆಲ್ಲದ ಚೂರು, ಹಿಡಿ ಜೋಳ, ಏನೂ ಇಲ್ಲದವರು ಒಂದು ಹಸಿ ಮೆಣಸಿನಕಾಯಿ. ತಾಟನ್ನು ತೊಳೆಯುವಂತಿಲ್ಲ, ಖಾಲಿ ಕೊಡುವಂತಿಲ್ಲ. ಸಾವಾದ ಮನೆ ಮಾತ್ರ ತಾಟನ್ನು ತೊಳೆದು ಖಾಲಿ ಕೊಡುತ್ತದೆ. ಬಾಯಿಬಿಟ್ಟು ಹೇಳಬೇಕಾಗಿಲ್ಲ, ತಾಟು ನೋಡಿದರೆ ತಿಳಿಯುತ್ತದೆ.

ಬಸಮ್ಮನ ಹೊಸ್ತಿಲಲ್ಲಿ ಪ್ರತಿ ವರ್ಷವೂ ಒಂದು ಜಗಳದಂಥ ವ್ಯಾಪಾರ. ಚೌಕಾಶಿಯಲ್ಲಿ ಓಣಿಯಲ್ಲೇ ನನ್ನ ಸರಿಸಮ ಅವಳೊಬ್ಬಳು.

"ಏನೋ ಜೋಜಪ್ಪ, ಹ್ವಾದ ವರ್ಸ ಕರ್ಚಿಕಾಯಿ ಅಂಗೈಯಷ್ಟಿದ್ವು, ಈ ವರ್ಸ ಬೆರಳಷ್ಟಾಗ್ಯಾವ. ನಿಮ್ಮ ದೇವ್ರೂ ರೇಷನ್ ಮ್ಯಾಲೇ ಹುಟ್ಯಾನೇನು?"

"ಸಕ್ರಿ ಎಲ್ಲೈತಿ ಚಿಗವ್ವ? ನೀ ಎಷ್ಟು ಬೆಲ್ಲ ಹಾಕ್ತಿ ನೋಡಿ ಮುಂದಿನ ವರ್ಸದ ಗಾತ್ರ ಹೇಳ್ತೀನಿ."

"ಹೆಸ್ರು ನೋಡಿದ್ರ ಕಿಸ್ಮಿಸ್ ಹಬ್ಬ. ಒಂದು ದ್ರಾಕ್ಷಿ ಕಣ್ಣಿಗಿಲ್ಲ!" ಎಂದು ಬೆಲ್ಲದ ಅಚ್ಚನ್ನು ಒಡೆದು, ದೊಡ್ಡ ಚೂರು ತಾನಿಟ್ಟುಕೊಂಡು ಚಿಕ್ಕದನ್ನು ತಾಟಿಗೆ ಹಾಕುತ್ತಿದ್ದಳು. ಕ್ರಿಸ್‌ಮಸ್ ಎಂಬ ಮಾತು ಅವಳ ಬಾಯಲ್ಲಿ ಕಡೆಯವರೆಗೂ ಕಿಸ್ಮಿಸ್ಸೇ.

ಯುದ್ಧ ನಡೆಯುತ್ತಿದ್ದ ಒಂದು ವರ್ಷ ಊರಲ್ಲಿ ಇಲಿ ಬೀಳತೊಡಗಿದವು. ಮಾಡಿನಿಂದ ಇಲಿ ತಾನಾಗಿ ಬಿದ್ದು ಸತ್ತರೆ ಪ್ಲೇಗು ಬಂತೆಂದೇ ಅರ್ಥ. ಆ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ, ಗಡ್ಡಿ ಬ್ಯಾನಿ ಎನ್ನುತ್ತಿದ್ದರು. ತೊಡೆಸಂದಿನಲ್ಲೋ ಕಂಕುಳಲ್ಲೋ ಗಡ್ಡೆ ಏಳುತ್ತಿತ್ತು. ಒಂದು ಮನೆಯಲ್ಲಿ ಸಾವಾದರೆ ಮುನ್ಸಿಪಾಲ್ಟಿಯವರು ಇಡೀ ಓಣಿಯನ್ನೇ ಬಿಡಿಸಿ, ಹೆಂಚು ಕಿತ್ತು ಮನೆಯೊಳಗೆ ಬಿಸಿಲು ಬೀಳುವಂತೆ ಮಾಡಿ, ಗುಡ್ಡದಾಚೆಯ ಹೊಲದಲ್ಲಿ ಗುಡಿಸಲಿಗೆ ಹಾಕುತ್ತಿದ್ದರು. ಹೆಣವನ್ನು ಕೈಗಾಡಿಯಲ್ಲಿ ಒಯ್ದು ಸುಣ್ಣ ಸುರಿದು ಒಂದೇ ಗುಂಡಿಗೆ. ಕೊಕ್ಕೆ ಹಾಕಿ ಎಳೆಯುತ್ತಾರೆಂದೂ ಸುದ್ದಿ. ನಾನು ಕಂಡದ್ದಿಲ್ಲ. ಆದರೆ ಆ ಕೊಕ್ಕೆಗೆ ಹೆದರಿ ಜನ ಕಾಯಿಲೆಯನ್ನು ಮುಚ್ಚಿಟ್ಟರು. ಹೆಣವನ್ನೂ ಮುಚ್ಚಿಟ್ಟರು. ಹೀಗೆ ಮುಚ್ಚಿಟ್ಟದ್ದರಿಂದಲೇ ಎಷ್ಟು ಮನೆ ಖಾಲಿಯಾದವೋ.

ಆ ವರ್ಷದ ಹಬ್ಬದ ಬೆಳಗ್ಗೆ ತಾಟು ಹಿಡಿದು ಬಸಮ್ಮನ ಮನೆಗೆ ಹೋದೆ. ಜಟಕಾ ಹೂಡಿರಲಿಲ್ಲ. ಹಬ್ಬದ ದಿನ ಸವಾರಿಗೆ ಕೊರತೆಯಿಲ್ಲ, ಈರಣ್ಣ ಅಂಥ ದಿನ ಮನೆಯಲ್ಲಿ ಕೂರುವವನಲ್ಲ. ಕುದುರೆ ಗೂಟಕ್ಕೆ ಕಟ್ಟಿಹಾಕಿದಲ್ಲೇ ನೆಲ ಕೆರೆಯುತ್ತಿತ್ತು, ಮುಂದೆ ಹುಲ್ಲಿರಲಿಲ್ಲ. ಬಾಗಿಲು ಅರ್ಧ ತೆರೆಯಿತು. ಬಸಮ್ಮ ತಾಟು ತೆಗೆದುಕೊಂಡಳು. ಕರ್ಚಿಕಾಯಿಯ ಗಾತ್ರ ನೋಡಲಿಲ್ಲ. ಒಳಗೆ ಬಹಳ ಹೊತ್ತು ಮಾಡಿ ತಾಟು ತಂದಳು. ಅದರಲ್ಲಿ ಇಡೀ ಬೆಲ್ಲದ ಅಚ್ಚು, ಒಡೆಯದೆ. ಸುತ್ತ ಜೋಳ ಸುರಿದು, ಮೇಲೆ ಒಂದು ಹೊಸ ಕುಪ್ಪಸದ ಕಣ. ಬೆಲ್ಲದ ಮುಖ ಕಾಣದ ಆ ದಿನಗಳಲ್ಲಿ!

"ಕಾಕಾ ಎಲ್ಲಿ?" ಎಂದೆ.

"ಮಲಗ್ಯಾನ. ಹೋಗು, ನಿಮ್ಮವ್ವ ದಾರಿ ನೋಡ್ತಿರ್ತಾಳ."

ಮನೆಗೆ ಬಂದು ತಾಟನ್ನು ಅವ್ವನ ಮುಂದಿಟ್ಟೆ. "ಅವ್ವಾ, ಇದು ಬಾಳ ಆತು," ಎಂದೆ. ಅವ್ವ ತಾಟು ನೋಡಿದಳು, ನನ್ನ ಮುಖ ನೋಡಿದಳು, ಹುಟ್ಟು ಕೆಳಗಿಟ್ಟು ಹಾಗೇ ಎದ್ದು ಪಕ್ಕದ ಮನೆಗೆ ಹೋದಳು. ತಿರುಗಿ ಬಂದು ಹೊರಗೇ ನಿಂತು ಕಾಲಿಗೆ ನೀರು ಹಾಕಿಕೊಂಡಳು.

"ಬೆಳಗಿನ ಜಾವ ಹೋಗ್ಯಾನ ಈರಣ್ಣ. ತೊಡಿಯಾಗ ಗಡ್ಡಿ ಎದ್ದಿತ್ತಂತ. ಯಾಕ ಹೇಳಲಿಲ್ಲೇ ಬಸವ್ವಾ ಅಂದ್ರ, ನಿಮ್ಮ ಹಬ್ಬ ಮುಗೀಲಿ ಅಂತ ಸುಮ್ನಿದ್ದೆ ಅಕ್ಕ ಅಂತಾಳ."

ಅವ್ವ ಆ ಮಾತನ್ನು ಸಾಯುವವರೆಗೂ ನಂಬಿದ್ದಳು. ನಾನು ವ್ಯಾಪಾರಿ, ಬಸಮ್ಮ ಕೊಕ್ಕೆಗೆ ಹೆದರಿದ್ದಳೆಂದೇ ನನ್ನ ಎಣಿಕೆ. ಎರಡೂ ನಿಜವಿರಬಹುದು. ಒಂದೇ ತಕ್ಕಡಿಯಲ್ಲಿ ಎರಡು ಕಲ್ಲು ಇಡುವುದುಂಟು.

ನಾನು ಬಾಗಿಲಿಗೆ ಹೋಗಿ ನಿಂತಾಗ ಬಸಮ್ಮ ಅಳುತ್ತಿರಲಿಲ್ಲ. "ಜೋಜಪ್ಪ, ನೀ ಮಾತು ಬಲ್ಲವ. ಒಂದು ಕೆಲಸ ಮಾಡಿಕೊಡು," ಎಂದಳು. "ಅವನ್ನ ಗಾಡ್ಯಾಗ ಹಾಕಬ್ಯಾಡ್ರಿ. ಜೀವಮಾನ ಪೂರ್ತಿ ಮಂದೀನ್ನ ಗಾಡ್ಯಾಗ ಹೊತ್ತವ ಅವ. ಒಂದು ದಿನ ಮಂದಿ ಹೆಗಲ ಮ್ಯಾಲೆ ಹೋಗ್ಲಿ. ಅವನ ಮಂದಿ ಮಣ್ಣಾಗ ಅವನ್ನ ಇಡ್ರಿ."

ವ್ಯಾಪಾರದಲ್ಲಿ ಒಂದು ಸೂತ್ರವಿದೆ: ಎದುರಾಳಿ ಬಾಗಿಲು ಬಡಿಯುವ ಮೊದಲು ನೀವೇ ಅವನ ಬಾಗಿಲಿಗೆ ಹೋಗಬೇಕು. ನಾನು ನೆಟ್ಟಗೆ ಪ್ಲೇಗಿನ ಇನ್ಸ್‌ಪೆಕ್ಟರ ಮನೆಗೆ ಹೋದೆ. ಊಟಕ್ಕೆ ಕೂತಿದ್ದವರು ಕೈತೊಳೆದು ಎದ್ದು ಬಂದರು.

"ನಮ್ಮ ಓಣ್ಯಾಗ ಒಂದು ಹೆಣ ಐತ್ರಿ," ಎಂದೆ.

"ತಾನಾಗಿ ಹೇಳಾಕ ಬಂದವ ನೀನೊಬ್ಬನ ನೋಡಪ್ಪ. ಏನ್ ಬೇಕು?"

"ಹೆಣ ನಮಗ ಬಿಡ್ರಿ. ಓಣಿ ನಿಮಗ ಬಿಡ್ತೀವಿ. ಹೊತ್ತು ಮುಣಗಾದ್ರೊಳಗ ಒಂದು ಕೂಸೂ ಉಳಿಯಂಗಿಲ್ಲ. ಪೊಲೀಸ್ ಬ್ಯಾಡ, ಲಾಠಿ ಬ್ಯಾಡ."

ಅವರು ನನ್ನನ್ನು ಅಳೆದು ನೋಡಿದರು. ಒಂದೊಂದು ಓಣಿ ಖಾಲಿ ಮಾಡಿಸಲು ಅವರು ಪಡುತ್ತಿದ್ದ ಪಾಡು ನನಗೆ ಗೊತ್ತಿತ್ತು. "ಯಾರು ಹೊರ್ತಾರ?" ಎಂದರು.

"ನಾಲ್ಕು ಮಂದಿ ಅದೀವ್ರಿ."

ಇದ್ದವನು ನಾನೊಬ್ಬ. ಸರಕು ಕೈಯಲ್ಲಿಲ್ಲದೆ ವ್ಯಾಪಾರ ಕುದುರಿಸಿ ಬಂದಿದ್ದೆ.

ಮೊದಲು ಜಟಕಾ ಸ್ಟ್ಯಾಂಡಿಗೆ ಹೋದೆ. ಈರಣ್ಣನೊಡನೆ ಒಂದೇ ಬೀಡಿ ಹಂಚಿಕೊಂಡವರು ಅಲ್ಲಿದ್ದರು. ಅವರಲ್ಲೊಬ್ಬ ಚಾಟಿ ಸುತ್ತುತ್ತ, "ಜೀವ ಇದ್ದಾಗ ಜೊತಿಗಾರ ಹೌದು. ಗಡ್ಡಿ ಎದ್ದ ಮ್ಯಾಲೆ ಯಾರಿಗೆ ಯಾರು ಜೊತಿಗಾರರಪ್ಪಾ? ನಮಗೂ ಮಕ್ಕಳದಾವ," ಎಂದ. ಸಿಟ್ಟಿನಿಂದಲೇ ಅಲ್ಲಿಂದ ಚರ್ಚಿನ ಕಡೆಗೆ ಹೊರಟೆ.

ಚರ್ಚಿನ ಅಂಗಳದಲ್ಲಿ ಚಿನ್ನಪ್ಪ ಹೊಸ ಧೋತರ ಉಟ್ಟು, ಹುಡುಗರಿಗೆ ಮಂಡಕ್ಕಿ ಹಂಚುತ್ತಿದ್ದ. ಕೇಳಿದ ಕೂಡಲೇ ಬುಟ್ಟಿ ಕೆಳಗಿಟ್ಟ. "ನನಗ ಹಿಂದಿಲ್ಲ, ಮುಂದಿಲ್ಲ. ನಡಿ," ಎಂದ. ಏಣಿಯ ಮೇಲಿದ್ದು ನಕ್ಷತ್ರ ಸರಿಮಾಡುತ್ತಿದ್ದ ಕಾಶೀಮ ಸಾಬ ಇಳಿದು ಬಂದು, "ತಾಬೂತ್ ಹೊತ್ತ ಹೆಗಲು ಇದು. ಭಾರ ನನಗ ಹೊಸಾದೇನಲ್ಲ," ಎಂದ. ನಾಲ್ಕನೆಯವನಿಲ್ಲ. ನಮ್ಮ ಸ್ವಾಮಿಗಳು, ದೂರದೇಶದಿಂದ ಬಂದು ಈ ಬಿಸಿಲಲ್ಲಿ ಹಣ್ಣಾದ ಮುದುಕ ಪಾದ್ರಿಗಳು, ಪೂಜೆಯ ಉಡುಪು ಕಳಚಿಟ್ಟು ಹೊರಗೆ ಬಂದರು.

"ನಾಕು ಜನ ಆದ್ರಾ?"

"ಮೂರ್ ಮಂದಿ ಅದೀವಿ ಸ್ವಾಮೇರಿ."

ಅವರು ನಿಲುವಂಗಿಯನ್ನು ಮೊಳಕಾಲಿನವರೆಗೆ ಎತ್ತಿ ನಡುವಿಗೆ ಸಿಕ್ಕಿಸಿಕೊಂಡರು. "ನಡೀರಿ," ಎಂದರು, ಅಷ್ಟೇ.

ಈರಣ್ಣನ ಜನದ ರುದ್ರಭೂಮಿಯಲ್ಲಿ ಕುಣಿ ತೋಡಿದ್ದವನು ಹಾರೆ ಬಿಟ್ಟು ದೂರ ಹೋಗಿ ನಿಂತಿದ್ದ. ಮಂತ್ರ ಹೇಳುವ ಅಯ್ಯನವರೂ ಬಂದಿರಲಿಲ್ಲ. ಬಸಮ್ಮ ಬಟ್ಟೆಯ ಚೂರಿನಲ್ಲಿ ಕಟ್ಟಿ ಕಳಿಸಿದ್ದ ವಿಭೂತಿಯ ಗಟ್ಟಿ ನನ್ನ ಕೈಯಲ್ಲಿತ್ತು. ಏನು ಮಾಡುವುದೆಂದು ಸ್ವಾಮಿಗಳ ಮುಖ ನೋಡಿದೆ. ಅವರು ಟೋಪಿ ತೆಗೆದು ನಿಂತಿದ್ದರು. ಚಿನ್ನಪ್ಪನೇ ಅದನ್ನು ಇಸಿದುಕೊಂಡು, ನೀರಲ್ಲಿ ತೇದು, ಕುಣಿಯ ಪಕ್ಕ ಮೊಳಕಾಲೂರಿ, ಮೂರು ಬೆರಳಿನಿಂದ ಈರಣ್ಣನ ಹಣೆಗೆ ಎಳೆದ.

"ಮೂರು ಗೆರಿ ಎಳದೀನಿ ಈರಣ್ಣ. ಸರಿ ಐತಿಲ್ಲ ನೋಡು," ಎಂದ.

ನಾವು ಮರಳಿದಾಗ ಗಂಟೆ ಬಾರಿಸುವ ಅರುಳಪ್ಪ ಓಣಿಯನ್ನೆಲ್ಲ ಬೇವಿನಮರದಡಿ ಕೂಡಿಸಿದ್ದ. ಹೆಂಗಸರು ಶಾಪ ಹಾಕಿದರು, ಹೆಚ್ಚಾಗಿ ನನಗೆ. "ಹಬ್ಬದ ದಿನಾನ ಊರು ಬಿಡಿಸಿದೆಲ್ಲೋ, ನಿನ್ನ ನಾಲಿಗಿ ಸೇದಿಹೋಗ್ಲಿ!" ಸ್ವಾಮಿಗಳು ವಾದ ಮಾಡಲಿಲ್ಲ. ಗೋದಲಿಯೊಳಗಿನ ಮಣ್ಣಿನ ಕೂಸನ್ನೆತ್ತಿ ಟವೆಲಿನಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು. "ಇವನಪ್ಪ ಅವ್ವ ಕೂಡ ರಾಜನಿಗೆ ಅಂಜಿ ಕೂಸು ಕಟ್ಟಿಕೊಂಡು ದೇಶ ಬಿಟ್ಟು ಓಡಿದ್ರು, ಗೊತ್ತಲ್ಲ ನಿಮಗೆ?" ಎಂದು ಮುಂದೆ ನಡೆದುಬಿಟ್ಟರು. ಹಿಂದೆ ಓಣಿಯೇ ನಡೆಯಿತು. ಮುದುಕರನ್ನೂ ಬಾಣಂತಿಯರನ್ನೂ ಈರಣ್ಣನ ಜಟಕಾದಲ್ಲಿ ಕೂರಿಸಿದೆವು. ಕುದುರೆಯ ಲಗಾಮು ಬಸಮ್ಮನೇ ಹಿಡಿದಳು. ಹಿಂದೆ ಹೆಂಚು ಕೀಳುವ ಸಪ್ಪಳ ಕೇಳುತ್ತಿತ್ತು. ಯಾರೂ ತಿರುಗಿ ನೋಡಲಿಲ್ಲ.

ಗುಡಿಸಲಿನ ಬದುಕನ್ನು ಹೆಚ್ಚು ವರ್ಣಿಸಲಾರೆ. ಕೊಯ್ದ ಜೋಳದ ಹೊಲ, ಕಾಲಿಗೆ ಚುಚ್ಚುವ ಕೂಳೆ, ಈಚಲ ಗರಿಯ ಗೋಡೆ ತೂರಿ ಬರುವ ಚಳಿಗಾಳಿ. ಎಲ್ಲರೂ ಬೆಳಗ್ಗೆ ಎದ್ದ ಕೂಡಲೇ ಮೊದಲು ತಮ್ಮ ಕಂಕುಳು ಮುಟ್ಟಿ ನೋಡಿಕೊಳ್ಳುವುದು, ಆಮೇಲೆ ಮಕ್ಕಳದು. ಬಸಮ್ಮ ತನ್ನ ಗುಡಿಸಲಿನ ಮೂಲೆ ಬಿಟ್ಟು ಏಳುತ್ತಿರಲಿಲ್ಲ. ಅವ್ವ ಅಲ್ಲಿಗೇ ಅನ್ನ ಒಯ್ಯುತ್ತಿದ್ದಳು. ಆದರೂ ಕ್ರಿಸ್ತ ಜಯಂತಿಯಾಗಿ ಹನ್ನೆರಡನೆಯ ದಿನಕ್ಕೆ ಬರುವ ಮೂರು ರಾಯರ ಹಬ್ಬ ಹತ್ತಿರ ಬಂದಂತೆ ಚಿನ್ನಪ್ಪ ಹುಡುಗರನ್ನು ಕೂಡಿಸಿ ಹಾಡು ಕಲಿಸತೊಡಗಿದ. ಪೂರ್ವದಿಂದ ಕಾಣಿಕೆ ಹೊತ್ತು ಬಂದ ಮೂವರು ರಾಜರಲ್ಲಿ ಕರಿಯ ರಾಜನ ವೇಷ ಯಾವಾಗಲೂ ಅವನದೇ. ಮುಖಕ್ಕೆ ಬಳಿಯಲು ಹಂಚಿನ ಮಸಿ ಕೆರೆದಿಟ್ಟಿದ್ದ. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಹಾಡು ಹೇಳಿಕೊಡುತ್ತಿದ್ದವನು ನಡುವೆ ನಿಲ್ಲಿಸಿ, "ಯಾಕೋ ಮೈ ಕಾಯಾಕತ್ತೈತಿ. ನೀವು ಹಾಡ್ರಿ," ಎಂದು ಒಳಗೆ ಹೋಗಿ ಮಲಗಿದ. ಹಬ್ಬದ ಬೆಳಿಗ್ಗೆ ಜೀವ ಇರಲಿಲ್ಲ.

ಈರಣ್ಣನ ಹೆಣದಿಂದ ಬಂತೋ, ಊರಲ್ಲೇ ಹತ್ತಿತ್ತೋ, ಆ ಹೊಲದಲ್ಲೂ ಇಲಿಗಳಿದ್ದವೋ, ಕೇಳಿದ ವೈದ್ಯರೂ ಹೇಳಲಿಲ್ಲ. ಆದರೆ ಗುಡಿಸಲುಗಳ ತುಂಬ ಎಲ್ಲರ ಕಣ್ಣಲ್ಲೂ ಒಂದೇ ಉತ್ತರವಿತ್ತು. ಆ ಕಣ್ಣುಗಳು ಬಸಮ್ಮನ ಗುಡಿಸಲಿನ ಕಡೆಗೆ ತಿರುಗುತ್ತಿದ್ದವು.

ಚಟ್ಟ ಕಟ್ಟಿ ಮುಗಿಯಿತು. ಕಾಶೀಮ ಸಾಬ ಬಂದ, ಅರುಳಪ್ಪ ಬಂದ, ನಾನು. ಸ್ವಾಮಿಗಳು ಎರಡು ದಿನದಿಂದ ಚಳಿಜ್ವರದಲ್ಲಿ ಮಲಗಿದ್ದವರು ಕೋಲೂರಿಕೊಂಡು ಬಂದು ಜಪದ ಪುಸ್ತಕ ಹಿಡಿದಿದ್ದರು. 'ನಾನು ಬರ್ತೀನಿ' ಎಂದು ಚಟ್ಟಕ್ಕೆ ಕೈ ಹಾಕಿ, ನಿಲ್ಲಲಾರದೆ ಕೂತುಬಿಟ್ಟರು. ಉಳಿದ ಗಂಡಸರು ಗುಡಿಸಲುಗಳ ಬಾಗಿಲಲ್ಲಿ ನಿಂತಿದ್ದರು. ಒಬ್ಬೊಬ್ಬರ ಹೆಸರು ಹಿಡಿದು ಕರೆದೆ. ನನ್ನ ನಾಲಿಗೆಗೆ ಇದ್ದಬದ್ದ ವರಸೆಯನ್ನೆಲ್ಲ ಬಳಸಿದೆ. ಪುಣ್ಯ ಅಂದೆ, ನಾಚಿಕೆ ಅಂದೆ, ನಾಳೆ ನಿಮ್ಮನ್ನು ಯಾರು ಹೊರುತ್ತಾರೆ ಅಂದೆ. ಯಾರೂ ಹೊಸ್ತಿಲು ದಾಟಲಿಲ್ಲ. ಹೊತ್ತು ಏರುತ್ತಿತ್ತು. ಇನ್ನು ತಡವಾದರೆ ಕೈಗಾಡಿ ಬರುತ್ತಿತ್ತು.

ಆಗ ಬಸಮ್ಮ ಎದ್ದು ಬಂದಳು. ಸೆರಗನ್ನು ಬಿಗಿದು ನಡುವಿಗೆ ಸಿಕ್ಕಿಸಿಕೊಂಡಿದ್ದಳು.

ಅವ್ವ ಅಡ್ಡ ಬಂದಳು. "ಬಸವ್ವಾ, ಹುಚ್ಚಿ ಏನು? ಹೆಂಗಸ್ರು ಹೆಣಕ್ಕ ಹೆಗಲು ಕೊಡ್ತಾರೇನು? ಅದೂ ಮುಂಡಿ ಆಗಿ ಇನ್ನೂ ದಿನ ತುಂಬಿಲ್ಲ."

"ಗಂಡಸ್ರು ಎಲ್ಲೆದಾರ, ಕರಿ ಅಕ್ಕ. ಬಂದ್ರ ಕುಂದಿರ್ತೀನಿ."

ಬಾಗಿಲಲ್ಲಿ ನಿಂತವರು ನೆಲ ನೋಡಿದರು. ಯಾರೋ ಹಿಂದಿನಿಂದ "ಜಾತಿ ಬ್ಯಾರೆ ಐತಿ" ಎಂದರು. ಬಸಮ್ಮ ಆ ಕಡೆ ತಿರುಗಲೂ ಇಲ್ಲ. ಸ್ವಾಮಿಗಳು ಕೂತಲ್ಲಿಂದಲೇ ಅವಳನ್ನು ನೋಡಿದರು. "ಬಾ ತಾಯಿ," ಎಂದು ಪುಸ್ತಕ ತೆರೆದು, ಲತೀನಿನಲ್ಲಿ ಶುರುಮಾಡಿದರು.

ಮುಂದೆ ಬಲಕ್ಕೆ ಬಸಮ್ಮ, ಅವಳ ಹಿಂದೆ ನಾನು. ಆ ಬದಿಗೆ ಕಾಶೀಮ ಸಾಬ, ಅರುಳಪ್ಪ. ಎತ್ತಿದೆವು. ಎತ್ತಿದ ಕೂಡಲೇ ಚಟ್ಟ ಮುಂದಕ್ಕೆ, ಬಲಕ್ಕೆ ವಾಲಿತು. ಅವಳ ಎತ್ತರ ನಮ್ಮ ಎದೆಯ ಮಟ್ಟಕ್ಕಿತ್ತು. ಚಿನ್ನಪ್ಪನ ಭಾರವೆಲ್ಲ ಜಾರಿ ಆ ಒಂದು ಹೆಗಲಿಗೆ ಇಳಿಯುತ್ತಿತ್ತು. ಬಿದಿರು ಅವಳ ಕುತ್ತಿಗೆಯ ಬುಡದಲ್ಲಿ ಒತ್ತಿ ಚರ್ಮ ಕೆಂಪಾಗುವುದು ಹಿಂದಿದ್ದ ನನಗೆ ಕಾಣುತ್ತಿತ್ತು. ಬರಿಗಾಲು. ಕೂಳೆ ಚುಚ್ಚಿದಾಗಲೆಲ್ಲ ಹಿಮ್ಮಡಿ ಎತ್ತಿ ಹಾಕುತ್ತಿದ್ದಳು.

"ಚಿಗವ್ವ, ಭಾರ ಎಲ್ಲಾ ನಿನ್ನ ಕಡಿಗೆ ಬರಾಕತ್ತೈತಿ. ಒಂದೀಟು ಇಳಿಸೂಣು."

"ಇಳಿಸಿದ್ರ ಮತ್ತ ಎತ್ತೂದು ನನ್ನಿಂದ ಆಗಂಗಿಲ್ಲ. ನಡಿ."

ಕಾಶೀಮ ಸಾಬ ಮೊಳಕಾಲು ಬಗ್ಗಿಸಿದ. ಅವನ ಮೂಲೆ ತಗ್ಗಿತು. ಅದನ್ನು ನೋಡಿ ಅರುಳಪ್ಪ ಬಗ್ಗಿಸಿದ. ನಾನೂ ಬಗ್ಗಿಸಿದೆ. ಚಟ್ಟ ನಿಧಾನಕ್ಕೆ ಮಟ್ಟವಾಯಿತು. ಸಮಾಧಿಯ ಜಾಗ ದೂರವಿತ್ತು. ಅಲ್ಲಿಯವರೆಗೂ ಮೂವರು ಗಂಡಸರು ಹಾಗೆಯೇ, ಮೊಳಕಾಲು ಬಗ್ಗಿಸಿಕೊಂಡೇ ನಡೆದೆವು.